ಹಿಮದ ಮೇಲೆ ಬೂದಿ

ಕ್ಯಾಲೆಂಡರಿನಲ್ಲಿ ಮಾರ್ಚ್ ಹದಿನೇಳು.
ಬಾಗಿಲಾಚೆ ಇನ್ನೂ ಜನವರಿ.
ಬಕೆಟ್ಟಿನ ನೀರು ತಳದವರೆಗೂ ಕಲ್ಲಾಗಿ
ಬಕೆಟ್ಟೇ ಬಿರಿದಿದೆ.
ಗೌಯಾ ನದಿಯ ಮೇಲೆ ಈಗಲೂ
ಮೀನು ಹಿಡಿಯುವವರು ಸ್ಟೂಲು ಹಾಕಿ ಕೂತಿದ್ದಾರಂತೆ.

ಚಳಿಗಾಲವಿಡೀ ಒಲೆಯ ಬೂದಿಯನ್ನು
ತಗಡಿನ ಡಬ್ಬದಲ್ಲಿ ಕೂಡಿಟ್ಟಿದ್ದೆ.
ಬೆಳ್ಳುಳ್ಳಿ ಮಡಿಯ ಮೇಲಿನ ಹಿಮಕ್ಕೆ
ಹಿಡಿಹಿಡಿಯಾಗಿ ಎರಚುತ್ತೇನೆ,
ಕೋಳಿಗೆ ಕಾಳು ಎಸೆದ ಹಾಗೆ.
ಬೆಳ್ಳಗಿದ್ದದ್ದು ಬಿಸಿಲನ್ನು ಬಂದ ದಾರಿಗೇ ಕಳಿಸುತ್ತದೆ,
ಕಪ್ಪಗಿದ್ದದ್ದು ಕುಡಿಯುತ್ತದೆ, ಅನ್ನುತ್ತಿದ್ದಳು ಅಜ್ಜಿ.
ಸರಿಯೇ.
ಬಿಸಿಲು ಬರಬೇಕಷ್ಟೆ.

ಒಳಗೆ, ಕಿಟಕಿಯ ಕಟ್ಟೆಯ ಮೇಲೆ,
ಹಾಲಿನ ಖಾಲಿ ಪೊಟ್ಟಣಗಳಲ್ಲಿ ಟೊಮೆಟೊ ಸಸಿಗಳು
ಬೆಳಕು ಸಾಲದೆ ಕತ್ತು ಚಾಚಿ
ತಡವಾದ ಬಸ್ಸಿಗೆ ಕಾದವರಂತೆ
ಒಂದೇ ಕಡೆ ನೋಡುತ್ತ ನಿಂತಿವೆ.
ಬೆಳಗ್ಗೆ ಪೊಟ್ಟಣಗಳನ್ನು ಅರ್ಧ ಸುತ್ತು ತಿರುಗಿಸುತ್ತೇನೆ.
ಸಂಜೆಗೆ ಮತ್ತೆ ಗಾಜಿಗೇ ಬಾಗಿರುತ್ತವೆ.
ಹಟ ಎಂದರೆ ಅದು.

ಹಟದ ಮಾತು ಬಂತಲ್ಲ,
ಬೇಲಿಯಾಚೆ ಇಂದ್ರಿಕಿಸ್.
ನನ್ನ ಆಂತೊನೊವ್ಕಾ ಸೇಬಿನ ಒಂದು ಕೊಂಬೆ
ಗಾಳಿಗೆ ಮುರಿದು
ಅವನ ಗಾಜಿನ ಮನೆಯ ಮೇಲೆ ಬಿದ್ದು
ಆರು ವರ್ಷ.
ಹನ್ನೊಂದು ಗಾಜು. ಅವನು ಎಣಿಸಿದ್ದು.
ನನ್ನ ಲೆಕ್ಕದಲ್ಲಿ ಒಂಬತ್ತು;
ಎರಡು ಮೊದಲೇ ಸೀಳಿದ್ದವು.
ಅಲ್ಲಿಂದೀಚೆಗೆ ನಮ್ಮ ನಡುವೆ
ಹೂಂ ಇಲ್ಲ, ಉಹೂಂ ಇಲ್ಲ.

ಆದರೆ ಹಿಮದಡಿ ಸುರಂಗ ತೋಡುವ ಇಲಿಗೆ
ಯಾರ ಬೇಲಿ ಏನು ಲೆಕ್ಕ?
ಹೊಸ ಹಿಮ ಬಿದ್ದಾಗಲೆಲ್ಲ
ಗಿಡದ ಬುಡದ ಸುತ್ತ ತುಳಿದು ಗಟ್ಟಿ ಮಾಡಬೇಕು.
ಈಚೆ ನಾನು, ಆಚೆ ಅವನು,
ಉಣ್ಣೆಯ ಬೂಟು ತೊಟ್ಟು
ಗಾಣದೆತ್ತುಗಳ ಹಾಗೆ ಸುತ್ತಿದ್ದೇ ಸುತ್ತಿದ್ದು,
ಒಬ್ಬರ ಮುಖ ಒಬ್ಬರಿಗೆ ಕಾಣುವಾಗ
ಇಬ್ಬರಿಗೂ ಬೂಟಿನ ಮೇಲೆ ಏನೋ ಕಾಣುತ್ತಿತ್ತು.

ಇವತ್ತು ಹನ್ನೊಂದರ ಹೊತ್ತಿಗೆ
ಮೋಡದಲ್ಲಿ ಒಂದು ಹರಕು.
ಸಿಕ್ಕಿದ್ದೇ ಸಾಕೆಂದು ಏಣಿ ಹಾಕಿದೆ.
ಮೊಗ್ಗು ಕಣ್ಣು ಬಿಡುವ ಮೊದಲೇ
ಕೊಂಬೆ ಸವರಿ ಮುಗಿಸಬೇಕಲ್ಲ.
ಗರಗಸದ ಹಲ್ಲು ನನ್ನ ಹಲ್ಲಿನಂತೆಯೇ ಅಲ್ಲಲ್ಲಿ.
ಬೆರಳು ಕೈಗವಸಿನೊಳಗೆ ಇದೆಯೋ ಇಲ್ಲವೋ,
ನೋಡಿಯೇ ತಿಳಿಯಬೇಕು.

ನಾಲ್ಕನೇ ಮೆಟ್ಟಿಲಲ್ಲಿದ್ದೆ. ಏಣಿಯ ಒಂದು ಕಾಲು
ಸರಕ್ಕನೆ ಹಿಮಕ್ಕಿಳಿಯಿತು.
ಆಮೇಲೆ ಇಳಿಯಲಿಲ್ಲ.

ಕೆಳಗೆ ನೋಡಿದರೆ ಒಂದು ಉಣ್ಣೆ ಟೋಪಿ,
ಏಣಿ ಹಿಡಿದ ಎರಡು ಕೈ.

"ಹೊರಗೆ ಮುಖ ಮಾಡಿದ ಮೊಗ್ಗಿನ ಮೇಲೆ ಕತ್ತರಿಸು, ಔಸ್ಮಾ."
ಆರು ವರ್ಷದ ಮೇಲೆ ಮೊದಲ ಮಾತು.
"ನನಗೆ ಗೊತ್ತಿಲ್ಲವೇ?" ಅಂದೆ.
ಗೊತ್ತಿತ್ತು. ಆದರೂ
ಕತ್ತರಿಯನ್ನು ಒಂದು ಮೊಗ್ಗಿನಷ್ಟು ಸರಿಸಿದೆ.

ಬಿದ್ದ ಕಡ್ಡಿಗಳನ್ನು ಅವನು
ಹೆಕ್ಕಿ, ಬಗ್ಗಿಸಿ, ಮೂಸಿ ನೋಡಿದ.
ಪೆನ್ಸಿಲಿನಷ್ಟು ದಪ್ಪದವು ನಾಲ್ಕು ಬೇಕಂತೆ.
ಡಿಸೆಂಬರಿನಲ್ಲಿ ವಲ್ಮಿಯೆರದ ಆಸ್ಪತ್ರೆಯಲ್ಲಿದ್ದನಂತೆ,
ತುಳಿಯುವವರಿರಲಿಲ್ಲ.
ಅವನ ಎಳೆಯ ಸೇಬಿನ ತೊಗಟೆಯನ್ನು
ಇಲಿ ಸುತ್ತಲೂ ಬಳೆಯಷ್ಟಗಲ ತಿಂದುಬಿಟ್ಟಿದೆ.
ಬೇರಿನ ನೀರು ಏರಿದರೂ
ಕೊಂಬೆಯ ಅನ್ನ ಬೇರಿಗೆ ಇಳಿಯದು.
ರಸವೇಳುವ ಹೊತ್ತಿಗೆ
ಗಾಯದ ಕೆಳಗೊಂದು ತುದಿ, ಮೇಲೊಂದು ತುದಿ,
ಕಡ್ಡಿ ನೆಟ್ಟು ಕಟ್ಟಿದರೆ
ಬದುಕಿದರೂ ಬದುಕೀತು.

ಗಾಜು ಒಡೆದ ಮರದ್ದೇ ಕಡ್ಡಿ.
ಆ ಮಾತು ಅವನು ಎತ್ತಲಿಲ್ಲ.
ನಾನು ನಾಲ್ಕು ಕೇಳಿದರೆ ಏಳು ಕೊಟ್ಟೆ,
ಎಣಿಸಿಯೇ ಕೊಟ್ಟೆ.

ಅಲ್ಲಿಯವರೆಗೆ ಅವು ನಿದ್ದೆಯಲ್ಲಿರಬೇಕು.
ಒದ್ದೆ ಗೋಣಿಯಲ್ಲಿ ಸುತ್ತಿ
ಶೆಡ್ಡಿನ ಬಡಗಣ ಗೋಡೆಯ ನೆರಳಿಗೆ ಒಯ್ದು
ಸಲಿಕೆ ಸಲಿಕೆ ಹಿಮ ಸುರಿಯುತ್ತಿದ್ದಾನೆ,
ಅಂಗಳದ ಹಿಮ ಸಾಲದೆ
ಬೇಲಿಯ ಮೇಲಿಂದ ನನ್ನದನ್ನೂ ಬಾಚಿಕೊಂಡು.

ಈಚೆ ನಾನು ಬೂದಿ ಎರಚುತ್ತೇನೆ, ಬೇಗ ಕರಗು ಅಂತ.
ಆಚೆ ಅವನು ತಟ್ಟಿ ತಟ್ಟಿ ಗಟ್ಟಿ ಮಾಡುತ್ತಾನೆ,
ಇನ್ನೊಂದು ತಿಂಗಳು ಇರು ಅಂತ.
ಯಾರ ಮಾತು ಕೇಳಬೇಕೋ ಚಳಿಗೆ.

ಮೋಡದ ಹರಕು ಮುಚ್ಚಿತು.
ಬೆಳ್ಳುಳ್ಳಿ ಮಡಿಗೆ ಬಗ್ಗಿ ನೋಡಿದೆ:
ಬೂದಿ ಬಿದ್ದಲ್ಲೆಲ್ಲ ಹಿಮ
ಒಂದು ಬೆರಳು ಕುಸಿದಿತ್ತು.
ಒಂದೇ ಬೆರಳು.
ಡಬ್ಬದಲ್ಲಿ ಇನ್ನೂ ಅರ್ಧ ಇದೆ.