ಗಂಟಲ ಬುದ್ಧ

ನಂಬಾದಲ್ಲಿ ಹತ್ತಿದೆ, ಎಂಟೂ ನಲವತ್ತರ ಗಾಡಿ.
ಕಿಟಕಿ ಪಕ್ಕದ ಸೀಟು. ತೊಡೆಯ ಮೇಲೆ ನೀನು,
ನೇರಳೆ ಬಟ್ಟೆಯ ಗಂಟಿನಲ್ಲಿ,
ಒಂದು ಟೀ ಲೋಟದಷ್ಟು.
ಟಿಕೆಟ್ಟು ತೆಗೆದೆ, ಬೈಯಬೇಡ.
ನಿನ್ನ ಪಾಸನ್ನು ಅಂಗಿ ಜೇಬಿಗಿಟ್ಟೇ
ಸುಡಲು ಕೊಟ್ಟಿದ್ದೆ.

ಸುಡುಗಾಡಿನ ಹುಡುಗ ಬಿಳಿ ಕೈಗವಸು ಹಾಕಿ
ಬೂದಿಯಲ್ಲಿ ಕಡ್ಡಿಯಾಡಿಸಿ ಎತ್ತಿ ತೋರಿಸಿದ್ದ:
"ನೋಡಿ ಕುರಾಮೊಚಿಯವರೇ, ಎಷ್ಟು ಚೆನ್ನಾಗಿ ಉಳಿದಿದೆ
ಗಂಟಲ ಬುದ್ಧ. ಕೈ ಮುಗಿದು ಕೂತಂತಿಲ್ಲವೇ?"
ನನಗೆ ಮುರಿದ ಕಪ್ಪಿನ ಹಿಡಿಯಂತೆ ಕಂಡಿತು.
ಹೌದೆಂದೆ.

ಮೂವತ್ತೊಂದು ವರ್ಷ ಇದೇ ಗಂಟಲು
ಈ ದಾರಿಯ ನಿಲ್ದಾಣಗಳನ್ನೆಲ್ಲ ಕೂಗಿತು.
ಹಾಶಿಮೊತೋ... ಎಂದು ನೀನು ಕೊನೆಯಕ್ಷರ ಎಳೆದರೆ
ತೂಕಡಿಸುತ್ತಿದ್ದವರು ಚೀಲ ತಡಕುತ್ತಿದ್ದರಂತೆ.
ಮನೆಗೆ ಬಂದರೆ ಮಾತಿಗೆ ಬರ.
ಸಾರು ಹೇಗಿದೆ? ಹೂಂ.
ಮಗಳಿಗೆ ಏನು ಹೆಸರಿಡೋಣ? ಹೂಂ.
ಈಗ ಗಾಡಿಯಲ್ಲಿ ಯಾವಳೋ ಒಬ್ಬಳ ಧ್ವನಿಮುದ್ರಿಕೆ.
ಅವಳಿಗೆ ನೆಗಡಿಯೇ ಆಗುವುದಿಲ್ಲ.

ಹಾಶಿಮೊತೊ ದಾಟಿದ ಮೇಲೆ ಒಂಟಿ ಹಳಿ.
ತಿರುವು ತಿರುವಿಗೂ ಗಾಲಿಗಳು ಕಿರ್ರೆಂದು ರಂಪ.
ಕುದೋಯಾಮದ ತೋಟಗಳಲ್ಲಿ ಎಲೆ ಉದುರಿ
ಪರ್ಸಿಮನ್ ಹಣ್ಣಷ್ಟೇ ಉಳಿದ ಮರಗಳು.
ಎದುರಿನ ಜರ್ಮನ್ ದಂಪತಿ ಸುರಂಗ ಎಣಿಸುತ್ತ
ಹದಿನೇಳೋ ಹದಿನೆಂಟೋ ಎಂದು ಜಗಳಕ್ಕೆ ನಿಂತರು.
ನಿನಗೆ ಗೊತ್ತಿತ್ತು.
ನಾನು ಕೇಳಿರಲೇ ಇಲ್ಲ.

ಗೊಕುರಾಕುಬಾಶಿ. ಸ್ವರ್ಗದ ಸೇತುವೆ. ಹಳಿ ಇಲ್ಲಿಗೆ ಮುಗಿಯಿತು.
ದಿನಕ್ಕೆ ಮೂರು ಸಲ ಸ್ವರ್ಗದ ಬಾಗಿಲು ಮುಟ್ಟಿ
ಟೊಪ್ಪಿ ಸರಿಮಾಡಿಕೊಂಡು, ಗಾಡಿಯ ಇನ್ನೊಂದು ತುದಿಗೆ ನಡೆದು
ವಾಪಸು ಹೊರಡುತ್ತಿದ್ದೆ.
ಮೇಲೆ ಹೋಗಿದ್ದೀಯಾ ಎಂದು ಒಮ್ಮೆ ಕೇಳಿದ್ದಕ್ಕೆ
"ನನ್ನ ಡ್ಯೂಟಿ ಅಲ್ಲಿಗೇ ಮುಗಿಯುತ್ತೆ" ಅಂದೆ.
ನನ್ನೊಡನೆ ನೀನಾಡಿದ ಅತಿ ಉದ್ದದ ಮಾತು.

ಕೇಬಲ್ ಕಾರು ಏಣಿಯ ಹಾಗೆ ನಿಂತಿತ್ತು.
ಐದೇ ನಿಮಿಷ. ಕಿವಿ ಕಟ್ಟಿತು.
ಗಂಟನ್ನು ಅವುಚಿಕೊಂಡೆ, ನಿನಗೆ ಭಯವೆಂದಲ್ಲ.
ಮೇಲೆ ಬಸ್ಸು. ಮೊದಲ ಸ್ಟಾಪು ಹೆಂಗಸರ ಗುಡಿ:
ಒಂದು ಕಾಲಕ್ಕೆ ಹೆಣ್ಣಿನ ದಾರಿ ಅಲ್ಲಿಗೇ ಮುಗಿಯುತ್ತಿತ್ತಂತೆ.
ಯಾರೂ ಗುಂಡಿ ಒತ್ತಲಿಲ್ಲ,
ಬಸ್ಸು ನಿಲ್ಲಲಿಲ್ಲ.

ಇಲ್ಲಿಂದ ಮುಂದಿನ ಹೆಸರುಗಳು ನಿನಗೆ ಬಾಯಿಪಾಠವಿಲ್ಲ.
ನಾನೋ ಕನ್ನಡಕ ಮನೆಯಲ್ಲೇ ಮರೆತೆ.
ಬೋರ್ಡಿನ ಅಕ್ಷರ ಸಣ್ಣ, ತಪ್ಪಿದರೆ
ಹೂಂ ಅನ್ನು.
ಗಂಟಿನ ಹತ್ತಿರ ಬಾಯಿ ತಂದು
ಒಂದೊಂದೇ ಓದುತ್ತಿದ್ದೇನೆ,
ಪಕ್ಕದವರು ನೋಡಿದರೆ ನೋಡಲಿ,
ಕೊನೆಯಕ್ಷರ ಎಳೆದು.