ಭೂತಕಾಲದ ಬಾಲ

ಮಂಗಳವಾರ, ಗುರುವಾರ, ರಾತ್ರಿ ಏಳಕ್ಕೆ
ಗಿರೆಸುನ್ ಪೇಟೆಯ ಶಾಲೆಯ ಎರಡನೇ ಮಹಡಿ.
ಫಿಂದಿಕ್ ಕಾಯಿಯ ಚಿಪ್ಪು ಚಟಚಟ ಉರಿಯುವ ಒಲೆ,
ಸುತ್ತ ನಾವು ಹನ್ನೊಂದು ಜನ
ಮಕ್ಕಳ ಬೆಂಚಿನಲ್ಲಿ ಮಂಡಿ ಹಿಡಿಸದೆ ಕೂತವರು.

ಮಿನಿಬಸ್ಸಿನ ನಿಯಾಜಿಗೆ 'ದ' ಎಲ್ಲಿಡಬೇಕೋ ತಿಳಿಯದು,
ಪದಪದಕ್ಕೂ ಒಂದೊಂದು ಹಚ್ಚುತ್ತಾನೆ,
ಸ್ಟಾಪಿಲ್ಲದಲ್ಲೂ ಬಸ್ಸು ನಿಲ್ಲಿಸುವವನ ಹಾಗೆ.
ನಾನೋ, ಇದ್ದದ್ದನ್ನೂ ಹಾರಿಸಿಬಿಡುತ್ತೇನೆ.
ಹಗಲೆಲ್ಲ ಕಾರ್ಖಾನೆಯ ಬೆಲ್ಟಿನ ಮುಂದೆ ನಿಂತು
ಜೊಳ್ಳು, ಹುಳುಕು ಆರಿಸಿ ಎಸೆಯುವ ಕೈ;
ತಿರುಳಿಲ್ಲದ್ದು ಕಂಡರೆ ತಾನಾಗಿ ಹೆಕ್ಕುತ್ತದೆ.

ಮೊದಲ ವಾರ ಓದಿದ್ದು ಹ್ಯಾರಿಸ್ ಎಂಬವರ ಕತೆ.
ರೈಲಿನಲ್ಲಿ ಕೊಡೆ ಮರೆತರು.
ಯಾವ ಊರಿನಲ್ಲಿ ಇಳಿದರು? ಕೊಡೆಯ ಬಣ್ಣವೇನು?
ಪೂರ್ಣ ವಾಕ್ಯದಲ್ಲಿ ಉತ್ತರಿಸಿ.
"ಮನೆಗೆ ಹೋದ ಮೇಲೆ ಹೆಂಡತಿ ಏನಂದಳು?"
ರುಹ್ಸಾರ್ ಕೇಳಿದಳು, ನಾವಿಕನ ಹೆಂಡತಿ.
"ಪಾಠದಲ್ಲಿ ಹೇಳಿಲ್ಲ," ಅಂದರು ಸೆರಾಪ್ ಟೀಚರ್,
"ಪಾಠದಲ್ಲಿ ಇಲ್ಲದ್ದನ್ನು ಕೇಳಬಾರದು."

ಆಮೇಲೆ ಬಂತು ಭೂತಕಾಲ. ಬಿಟ್ಟ ಸ್ಥಳ ತುಂಬಿ:
ನಾನು ಇಂಥ ಊರಿನಲ್ಲಿ ______.
'ಹುಟ್ಟಿದೆ' ಎಂದು ಬರೆಯಬೇಕು. ಪೆನ್ಸಿಲು ಏಳಲಿಲ್ಲ.
ನಮ್ಮ ಮಾತಿನಲ್ಲಿ ಕಣ್ಣಾರೆ ಕಂಡದ್ದಕ್ಕೆ ಒಂದು ಭೂತಕಾಲ,
ಕಿವಿಗೆ ಬಿದ್ದದ್ದಕ್ಕೆ ಇನ್ನೊಂದು,
ಅದರ ಬೆನ್ನಿಗೆ 'ಮಿಶ್' ಎಂಬ ಪುಟ್ಟ ಬಾಲ.
ನಾನು ಹುಟ್ಟಿದೆನಂತೆ.
ಅಂದು ಹಿಮ ಬಿದ್ದಿತ್ತಂತೆ,
ಸೂಲಗಿತ್ತಿ ಕತ್ತರಿ ಮರೆತು ಬಂದಿದ್ದಳಂತೆ.
ಅದಕ್ಕೂ ಮೂರು ತಿಂಗಳು ಮೊದಲೇ ಅಪ್ಪ
ಡ್ಯೂಸ್‌ಬರ್ಗಿನ ಉಕ್ಕಿನ ಕಾರ್ಖಾನೆಗೆ ಹೋದನಂತೆ.
ಬರುತ್ತಾನಂತೆ.
ಅಲ್ಲೇ ಮದುವೆಯಾದನಂತೆ.
ನಾನು ನಡೆಯಲು ಕಲಿತದ್ದೇ ಆ ಬಾಲ ಹಿಡಿದು.

"ಇಂಗ್ಲಿಷಿನಲ್ಲಿ ಅದು ಎಲ್ಲಿದೆ?" ಕೇಳಿದೆ.
ಟೀಚರ್ ಸೀಮೆಸುಣ್ಣ ತಿರುವುತ್ತ ನಿಂತರು.
"ಇಲ್ಲ. ಹೋದ ಅಂದರೆ ಹೋದ."
ನೋಡಿದ್ದು ಯಾರು ಎಂದು
ಯಾರೂ ಕೇಳುವುದಿಲ್ಲವೇ ಅವರಲ್ಲಿ?

ಈ ಬೆಂಚಿಗೆ ನಾನು ಬಂದದ್ದು ಒಂದು ಕಾಗದಕ್ಕಾಗಿ.
ಬರೆದವಳು ಸಿಲ್ಕೆ, ಅಪ್ಪನ ಇನ್ನೊಬ್ಬ ಮಗಳು.
ಅವಳಿಗೆ ನನ್ನ ಭಾಷೆ ಬಾರದು, ನನಗೆ ಅವಳದ್ದು.
ನಡುವೆ ಇಬ್ಬರದ್ದೂ ಅಲ್ಲದ ಈ ಇಂಗ್ಲಿಷು,
ಬಾಡಿಗೆಗೆ ತಂದ ಪಾತ್ರೆ;
ಒಡೆದರೆ ಯಾರಿಗೆ ಉತ್ತರ ಹೇಳುವುದು?
ಒಂಬತ್ತು ಸಾಲು. ನಾಲ್ಕು ರಾತ್ರಿ ಓದಿದೆ.

'ನಮ್ಮ ಅಪ್ಪ ಮಾತು ಕಡಿಮೆ ಆಡುತ್ತಿದ್ದರು.
ಭಾನುವಾರ ತಾವೇ ಮೀನು ಹುರಿಯುತ್ತಿದ್ದರು.
ನವೆಂಬರಿನಲ್ಲಿ ತೀರಿಕೊಂಡರು.
ಅವರ ಪೆಟ್ಟಿಗೆಯಲ್ಲಿ ನಿಮ್ಮ ವಿಳಾಸ ಸಿಕ್ಕಿತು.'

ಒಂದಕ್ಕೂ ಬಾಲವಿಲ್ಲ.
ಅವಳಿಗೇಕೆ ಬೇಕು? ಎಣ್ಣೆ ಸಿಡಿದದ್ದು ಕಂಡಿದ್ದಾಳೆ,
ಅವನು ಕೈ ಹಿಂದೆಳೆದುಕೊಂಡದ್ದೂ.
ಪೆನ್ಸಿಲು ಚೂಪು ಮಾಡಿ, ಒಂದೊಂದು ಕ್ರಿಯಾಪದದ ತುದಿಗೆ
ಮೆಲ್ಲಗೆ ಬರೆದೆ: ಮಿಶ್. ಮಿಶ್. ಮಿಶ್.
ಹುರಿಯುತ್ತಿದ್ದರಂತೆ. ತೀರಿಕೊಂಡರಂತೆ.
ಈಗ ಓದಲು ಬಂತು.

ನಿನ್ನೆ ಉತ್ತರ ಬರೆದೆ.
ಪಾಠದಲ್ಲಿ ಇಲ್ಲದ್ದನ್ನೇ ಕೇಳಿದೆ.
ಯಾವ ಮೀನು? ಹುರಿಯುವ ಮೊದಲು
ಜೋಳದ ಹಿಟ್ಟಿನಲ್ಲಿ ಹೊರಳಿಸುತ್ತಿದ್ದರೇ, ನಮ್ಮ ಕಡೆಯಂತೆ?
ನಿದ್ದೆಯಲ್ಲಿ ಬಡಬಡಿಸಿದರೆ ಯಾವ ಭಾಷೆ?
ದಯವಿಟ್ಟು ಪೂರ್ಣ ವಾಕ್ಯದಲ್ಲಿ ಉತ್ತರಿಸಿ.

ಟೀಚರ್ ತಿದ್ದಿಕೊಟ್ಟರು: ಆರು ಕಡೆ 'ದ',
ಒಂದು ಕಡೆ ತಲೆಕೆಳಗಾದ ಪ್ರಶ್ನೆಯನ್ನು ಎತ್ತಿ ನಿಲ್ಲಿಸಿ.
ನಾನು ಮೂರು ಸಲ ಬರೆದಿದ್ದೆ, 'ನಿಮ್ಮ ಅಪ್ಪ'.
ಅಲ್ಲಿ ಕೆಂಪು ಪೆನ್ನು ತುಸು ತಡೆದು ನಿಂತ ಗುರುತು,
ಶಾಯಿಯ ಒಂದು ಚುಕ್ಕೆ. ತಿದ್ದಿರಲಿಲ್ಲ.
"ನಿಮ್ಮ, ನಮ್ಮ," ಅಂದರು, ಒಲೆಗೆ ಚಿಪ್ಪು ಸುರಿಯುತ್ತ,
"ವ್ಯಾಕರಣಕ್ಕೆ ಎರಡೂ ಸರಿ."

ಲಕೋಟೆ ಇನ್ನೂ ಅಂಟಿಸಿಲ್ಲ.