ಬಾಗಿ ನಡೆಯುವ ದಿನಗಳು

ರೆಸಿಫೆಯ ಮೂರನೇ ಮಹಡಿಯಲ್ಲಿ ಜುಸಾರಾ
ಬಿದ್ದ ಕಾಸು ಹುಡುಕುವವಳ ಹಾಗೆ
ಬಾಗಿ ನಡೆಯುತ್ತಾಳೆ, ಒಂಬತ್ತು ದಿನವಾಯಿತು.
ನೆಟ್ಟಗಾದರೆ ಹೊಲಿಗೆ ಗದರುತ್ತದೆ.

ಪಕ್ಕದ ಮನೆಯ ಎಡಿಲೆವುಜಾ ಬಂದು
ನಳಿಕೆಯ ಬುರುಡೆ ಹಿಂಡಿ, ಕೆಂಪು ನೀರಳೆದು
ದಿನಸಿ ಚೀಟಿಯ ಹಿಂದೆ ಬರೆಯುತ್ತಾಳೆ:
ನಿನ್ನೆ ನಲವತ್ತು, ಇವತ್ತು ಇಪ್ಪತ್ತೆಂಟು.
"ನಗಿಸಬೇಡ ಕಣೇ," ಅನ್ನುತ್ತಾಳೆ ಇವಳು,
ದಿಂಬನ್ನು ಹೊಟ್ಟೆಗೊತ್ತಿಕೊಂಡು ನಗುತ್ತಾ.

ಅವಳಿಗಳು ಹಿಗ್ಗಿಸಿದ ಸ್ನಾಯುಗಳನ್ನು
ಒಳಗೆ ಒಂದಕ್ಕೊಂದು ಬಿಗಿದಿದ್ದಾರಂತೆ.
ಹೊಕ್ಕುಳು ಹಳೆಯದೇ,
ಬಾಗಿಲು ಮಾತ್ರ ಹೊಸದು.
ಕೊಯ್ದೆಸೆದ ತೊಗಲಿನ ಜೊತೆ
ಹೆರಿಗೆಯ ಗೆರೆಯೂ ಹೋಯಿತು;
ಕೇಳಿದ್ದರೆ ಕೊಡುತ್ತಿದ್ದರೇನೋ.

ಎತ್ತಿಕೋ ಅಂತ ತೋಳು ಚಾಚಿದ ಕಿರಿಯವನಿಗೆ
ಆರು ವಾರ, ಅಂದಳು.
ಅವನು ಬಿಗಿಪಟ್ಟಿಯ ಮೇಲೆ ಕೆನ್ನೆಯಿಟ್ಟ.
ಜೋಮು ಹಿಡಿದ ಚರ್ಮಕ್ಕೆ ತಿಳಿಯಲಿಲ್ಲ.
ಬಾಗಿದ್ದಳಲ್ಲ,
ಮೂಗಿಗೆ ಅವನ ತಲೆಯ ವಾಸನೆ ಸಿಕ್ಕಿತು.